ಎಫ್‌ಎಂಆರ್‌ಐ ಡೇಟಾಗೆ ಪಿಆರ್‌ಎಫ್ ಮಾದರಿ ಕೂರಿಸುವುದು ಹೇಗೆ?

ಎಫ್‌ಎಂಆರ್‌ಐ ಎಂದರೆ ರಕ್ತಪ್ರವಾಹದ ಏರಿಳಿತದಿಂದ ಮಿದುಳಿನ ಚಟುವಟಿಕೆ ಅಳೆಯುವ ಸ್ಕ್ಯಾನ್. ಪಿಆರ್‌ಎಫ್ (ಪಾಪ್ಯುಲೇಶನ್ ರಿಸೆಪ್ಟಿವ್ ಫೀಲ್ಡ್) ಎಂದರೆ ಮಿದುಳಿನ ಒಂದು ಚುಕ್ಕೆ ನೋಟದ ಯಾವ ಭಾಗಕ್ಕೆ ಸ್ಪಂದಿಸುತ್ತದೆ ಎಂಬುದು. ಮಾನಸಗಂಗೋತ್ರಿಯಲ್ಲೋ ಮಂಡ್ಯದ ಎಂಜಿನಿಯರಿಂಗ್ ಕಾಲೇಜಿನಲ್ಲೋ ಕೂತು ಇದನ್ನು ಕಲಿಯಲು ಸ್ಕ್ಯಾನರ್ ಬೇಕಿಲ್ಲ. ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್‌ನ 7 ಟೆಸ್ಲಾ ಸ್ಕ್ಯಾನರ್‌ನ ರೆಟಿನೋಟಪಿ ಡೇಟಾ (ನೋಟದ ಯಾವ ಭಾಗ ಮಿದುಳಿನಲ್ಲಿ ಎಲ್ಲಿ ಎಂದು ಗುರುತಿಸಲು ತೆಗೆದದ್ದು, 181 ಜನರದು) ಉಚಿತವಾಗಿ ಸಿಗುತ್ತದೆ. ಸೆಕೆಂಡಿಗೊಂದು ಮಿದುಳಿನ ಚಿತ್ರ, ರನ್ (ಒಂದು ಸುತ್ತಿನ ಸ್ಕ್ಯಾನ್) ಒಂದಕ್ಕೆ 300 ಸೆಕೆಂಡು. ನೋಡುವವರ ಮುಂದಿನ ಪರದೆಯಲ್ಲಿ ಪಟ್ಟಿ ಸರಿದಾಡುವ ಎರಡು ರನ್‌ಗಳಿಂದ ಶುರುಮಾಡಿ.

2008ರಲ್ಲಿ ಡ್ಯುಮೌಲಿನ್ ಮತ್ತು ವ್ಯಾಂಡೆಲ್ ಮುಂದಿಟ್ಟ ಮಾದರಿ ಸರಳ. ಒಂದು ವೋಕ್ಸೆಲ್‌ನ (ಸ್ಕ್ಯಾನ್‌ನ ಒಂದು ಪುಟ್ಟ ಘನಚೌಕ) ನ್ಯೂರಾನ್‌ಗಳೆಲ್ಲ ಸೇರಿ ಪರದೆಯ ಯಾವ ಭಾಗಕ್ಕೆ ಸ್ಪಂದಿಸುತ್ತವೋ ಅದನ್ನು ಗಾಸಿಯನ್ ಗುಡ್ಡವೆಂದು (ನಡುವೆ ಎತ್ತರ, ಸುತ್ತ ಇಳಿಜಾರು) ಹಿಡಿಯುತ್ತೇವೆ. ಕೇಂದ್ರದ ಎಕ್ಸ್, ವೈ, ಅಗಲಕ್ಕೆ ಸಿಗ್ಮಾ, ಎತ್ತರಕ್ಕೆ ಬೀಟಾ: ಹುಡುಕಬೇಕಾದ್ದು ಈ ನಾಲ್ಕೇ.

ಮೊದಲು ಪಟ್ಟಿಯ ಚಿತ್ರಗಳನ್ನು 100×100 ಪಿಕ್ಸೆಲ್‌ಗೆ ಇಳಿಸಿ, ಪಟ್ಟಿ ಇದ್ದಲ್ಲಿ 1, ಇಲ್ಲದಲ್ಲಿ 0 ಮಾಡಿ. ಪ್ರತಿ ಚಿತ್ರವನ್ನೂ ಗುಡ್ಡದಿಂದ ಗುಣಿಸಿ ಕೂಡಿಸಿದರೆ ಒಂದು ಕಾಲಸರಣಿ ಬರುತ್ತದೆ. ಅದನ್ನು ಸುಮಾರು 5 ಸೆಕೆಂಡಿಗೆ ತುದಿ ಮುಟ್ಟುವ ರಕ್ತಪ್ರವಾಹದ ವಕ್ರರೇಖೆಯೊಂದಿಗೆ ಕನ್ವಲ್ಯೂಷನ್ ಮಾಡಿ, ಅಂದರೆ ಪ್ರತಿ ಕ್ಷಣದ ಸ್ಪಂದನೆಯನ್ನೂ ಆ ವಕ್ರರೇಖೆಯಂತೆ ಹರಡಿ ಕೂಡಿಸಿ. ಇದೇ ಮಾದರಿಯ ಭವಿಷ್ಯವಾಣಿ. ಸ್ಕ್ಯಾನ್‌ನ ಆರಂಭದ ಚಿತ್ರಗಳನ್ನು ಬಿಟ್ಟಿದ್ದರೆ ಪಟ್ಟಿಯ ಚಿತ್ರಗಳಲ್ಲೂ ಅಷ್ಟೇ ಬಿಡಿ. ಡೇಟಾದ ನಿಧಾನದ ಏರಿಳಿತ ತೆಗೆಯಿರಿ. ಸ್ಮೂದಿಂಗ್ (ಅಕ್ಕಪಕ್ಕದ ವೋಕ್ಸೆಲ್‌ಗಳನ್ನು ಬೆರೆಸಿ ನಯಗೊಳಿಸುವುದು) ಮಾತ್ರ ಬೇಡ, ಸಿಗ್ಮಾ ಸುಳ್ಳಾಗಿ ಊದಿಕೊಳ್ಳುತ್ತದೆ.

ಆಮೇಲೆ ಹುಡುಕಾಟ. ನೇರವಾಗಿ ಆಪ್ಟಿಮೈಸರ್‌ಗೆ (ಹೆಚ್ಚು ಹೊಂದುವ ಮೌಲ್ಯಗಳನ್ನು ಹುಡುಕುವ ಪ್ರೋಗ್ರಾಂ) ಕೊಟ್ಟರೆ ಅದು ಯಾವುದೋ ತಪ್ಪು ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲು ಒರಟು ಗ್ರಿಡ್‌ನಲ್ಲಿ ಹೆಚ್ಚು ಹೊಂದುವ ಬಿಂದು ಹಿಡಿದು, ಅಲ್ಲಿಂದ ನೆಲ್ಡರ್-ಮೀಡ್ ಎಂಬ ಆಪ್ಟಿಮೈಸರ್ ಓಡಿಸಿ. ಬೀಟಾ ಋಣಾತ್ಮಕವಾದ ವೋಕ್ಸೆಲ್‌ಗಳನ್ನು ಬದಿಗಿಡಿ. ಇದು ಗಂಟೆಗಟ್ಟಲೆ ನಡೆಯುವ ಕೆಲಸ; ಕರೆಂಟಿನ ಭರವಸೆ ಇಲ್ಲದ ಕಡೆ ಸಾವಿರ ವೋಕ್ಸೆಲ್‌ಗೊಮ್ಮೆ ಫಲಿತಾಂಶ ಸೇವ್ ಮಾಡಿಕೊಳ್ಳಿ.

ಇನ್ನು ಪರೀಕ್ಷೆ. ಹೆಚ್ಚಿನ ತಪ್ಪುಗಳು ಗಣಿತದಲ್ಲಿರುವುದಿಲ್ಲ, ಎಡ-ಬಲ, ಮೇಲು-ಕೆಳಗಿನಲ್ಲಿರುತ್ತವೆ. ಮಿದುಳಿನ ಎಡ ಅರ್ಧದಲ್ಲಿ ನೋಟದ ಬಲಭಾಗ ಬರಬೇಕು. ಮಿದುಳಿನ ಹಿಂಭಾಗದ ಕ್ಯಾಲ್ಕರೈನ್ ಸೀಳಿನ ಮೇಲ್ದಂಡೆಯಲ್ಲಿ ನೋಟದ ಕೆಳಭಾಗ. ಎಡ-ಬಲ ಅದಲುಬದಲಾಗಿದ್ದರೆ ಸ್ಕ್ಯಾನರ್‌ನೊಳಗಿನ ಕನ್ನಡಿಯ ಲೆಕ್ಕ ತಪ್ಪಿರಬಹುದು. ತಲೆಕೆಳಗಾಗಿದ್ದರೆ ವೈ ಚಿಹ್ನೆ ನೋಡಿ: ಚಿತ್ರದ ಮೊದಲ ಸಾಲು ಮೇಲಿರುತ್ತದೆ, ಗ್ರಾಫ್‌ನಲ್ಲಿ ವೈ ಮೇಲಕ್ಕೆ ಬೆಳೆಯುತ್ತದೆ.

ಸಿಗ್ಮಾ ಎಲ್ಲೆಡೆ ದೊಡ್ಡದಾಗಿ ಬಂದರೆ ಸಮಯದ ಹೊಂದಾಣಿಕೆ ಅನುಮಾನಿಸಿ. ಸಮಯ ಸ್ವಲ್ಪ ಸರಿದರೂ ಎಡದಿಂದ ಬರುವ ಪಟ್ಟಿ ಕೇಂದ್ರವನ್ನು ಒಂದು ಕಡೆಗೂ ಬಲದಿಂದ ಬರುವುದು ಇನ್ನೊಂದು ಕಡೆಗೂ ಎಳೆಯುತ್ತದೆ. ಎರಡನ್ನೂ ಒಪ್ಪಿಸಲು ಗುಡ್ಡ ಅಗಲವಾಗುತ್ತದೆ. ಸರಿಯಾದ ಫಿಟ್‌ನಲ್ಲಿ ನೋಟದ ನಡುವಿನಿಂದ ದೂರ ಹೋದಂತೆ ಸಿಗ್ಮಾ ಬೆಳೆಯುತ್ತದೆ, ಮಿದುಳಿನ ಮೊದಲ ದೃಷ್ಟಿ ಪ್ರದೇಶವಾದ ವಿ1ಗಿಂತ ಅದರ ನಂತರದ ವಿ3ರಲ್ಲಿ ಹೆಚ್ಚಿರುತ್ತದೆ. ಪಟ್ಟಿ ಮುಟ್ಟುವುದು ನೋಟದ ನಡುವಿನಿಂದ 8 ಡಿಗ್ರಿವರೆಗೆ ಮಾತ್ರ; ಅದರಾಚೆಯ ಕೇಂದ್ರಗಳನ್ನು ನಂಬಬೇಡಿ.

ಕೊನೆಗೆ ಒಂದು ರನ್‌ನಲ್ಲಿ ಫಿಟ್ ಮಾಡಿದ ಮಾದರಿಯಿಂದ ಇನ್ನೊಂದು ರನ್‌ನ ಸಿಗ್ನಲ್ ಊಹಿಸಿ ನೋಡಿ. ಅಲ್ಲಿ ಸೋತ ವೋಕ್ಸೆಲ್‌ಗಳನ್ನು ನಕ್ಷೆಗೆ ಸೇರಿಸಬೇಡಿ.