ಸುನ್ನತ್ ಉಪವಾಸ: ಮೊದಲು ತಾರೀಕು, ಆಮೇಲೆ ಹಸಿವು

ರಂಜಾನಿನಲ್ಲಿ ಮನೆಮಂದಿಯೆಲ್ಲ ಜೊತೆಗಿರುತ್ತಾರೆ. ಕಡ್ಡಾಯವಲ್ಲದ, ಪ್ರವಾದಿಯವರ ಮಾದರಿಯಂತೆ ಹಿಡಿಯುವ ಸುನ್ನತ್ ಉಪವಾಸದಲ್ಲಿ ಹಾಗಲ್ಲ. ಸಹರಿಗೆ, ಅಂದರೆ ಬೆಳಗಿನ ಜಾವದ ಊಟಕ್ಕೆ, ಒಬ್ಬರೇ ಏಳಬೇಕು, ಮಧ್ಯಾಹ್ನ ಪಕ್ಕದವರು ಊಟದ ಡಬ್ಬಿ ತೆರೆದಾಗ ಒಬ್ಬರೇ ಸುಮ್ಮನಿರಬೇಕು. ಆದರೂ ಇಷ್ಟು ವರ್ಷಗಳಲ್ಲಿ ನನಗೆ ಕೈಕೊಟ್ಟದ್ದು ಹಸಿವಲ್ಲ, ತಾರೀಕು.

ಒಂದು ವರ್ಷ ಪ್ರತಿ ಚಾಂದ್ರಮಾಸದ 13, 14, 15ರಂದು ಉಪವಾಸ ಹಿಡಿಯುತ್ತೇನೆಂದು ಹಟ ತೊಟ್ಟಿದ್ದೆ. ಬಕ್ರೀದ್ ಬರುವ ಝುಲ್ ಹಜ್ ತಿಂಗಳ 13ರಂದೂ ಸಹರಿ ಮುಗಿಸಿ ಕುಳಿತೆ. ಅಮ್ಮಿ ನೋಡಿದವರೇ, "ಇವತ್ತು ತಶ್ರೀಕ್ ಅಲ್ಲವೇನೋ? ಏಳು, ಊಟ ಮಾಡು" ಎಂದರು. ತಶ್ರೀಕ್ ಎಂದರೆ ಬಕ್ರೀದಿನ ನಂತರದ 11, 12, 13, ತಿಂದುಂಡು ಅಲ್ಲಾಹನನ್ನು ಸ್ಮರಿಸುವ ದಿನಗಳು. ಎರಡು ಈದ್‌ಗಳಂದು ಉಪವಾಸ ನಿಷಿದ್ಧವೆಂಬುದು ಎಲ್ಲರಿಗೂ ಗೊತ್ತು, ಈ ಮೂರು ದಿನಗಳು ಮಾತ್ರ ಮರೆತುಹೋಗುತ್ತವೆ. ಅಂದಿನಿಂದ ಕ್ಯಾಲೆಂಡರಿನಲ್ಲಿ ನಾನು ಮೊದಲು ಗುರುತು ಹಾಕುವುದು ಉಪವಾಸ ಹಿಡಿಯಬಾರದ ಈ ಐದು ದಿನಗಳನ್ನು. ಅಚ್ಚಾದ ತಾರೀಕನ್ನು ಪೂರ್ತಿ ನಂಬಬೇಡಿ, ಚಂದ್ರದರ್ಶನದಿಂದ ಒಂದು ದಿನ ಹಿಂದುಮುಂದಾಗುತ್ತದೆ.

ಹೊಸಬರು ಅರಫಾದಿಂದ ಆರಂಭಿಸಲಿ. ಬಕ್ರೀದಿನ ಹಿಂದಿನ ದಿನ, ತಪ್ಪುವ ಮಾತೇ ಇಲ್ಲ. ಹಿಂದಿನ ಮತ್ತು ಮುಂದಿನ ವರ್ಷದ ಪಾಪಗಳಿಗೆ ಅದು ಪ್ರಾಯಶ್ಚಿತ್ತವೆಂದು ಸಹೀಹ್ ಮುಸ್ಲಿಮ್ ಸಂಗ್ರಹದ ಹದೀಸ್ (ಪ್ರವಾದಿ ವಚನ) ಹೇಳುತ್ತದೆ. ಹಜ್‌ಗೆ ಹೋದವರಿಗೆ ಇದು ಬೇಡ, ಅರಫಾತಿನಲ್ಲಿ ಪ್ರವಾದಿಯವರೇ ಎಲ್ಲರೆದುರು ಹಾಲು ಕುಡಿದಿದ್ದರು. ಮುಹರ್ರಮ್ ತಿಂಗಳ 10ರ ಆಶೂರಾ ಉಪವಾಸದ ಜೊತೆ 9ನ್ನೂ ಸೇರಿಸಿ.

ರಂಜಾನಿನ ನಂತರದ ತಿಂಗಳಾದ ಶವ್ವಾಲಿನ ಆರು ಉಪವಾಸಗಳಿಗೆ ಜನ ಸುಮ್ಮನೆ ಹೆದರುತ್ತಾರೆ. ಒಳಿತಿಗೆ ಹತ್ತರಷ್ಟು ಪ್ರತಿಫಲವಾದ್ದರಿಂದ ರಂಜಾನಿನ 30ಕ್ಕೆ 6 ಕೂಡಿದರೆ 36, ಅದರ ಹತ್ತರಷ್ಟು 360, ಅಂದರೆ ವರ್ಷವಿಡೀ ಹಿಡಿದಂತೆ. ಈದ್ ಮರುದಿನದಿಂದ ಸತತವಾಗಿ ಹಿಡಿಯಲೇಬೇಕೆಂದಿಲ್ಲ. ನಾನು ಸೋಮವಾರ, ಗುರುವಾರ ಹಿಡಿಯುತ್ತೇನೆ, ಮೂರು ವಾರಕ್ಕೆ ಮುಗಿಯುತ್ತದೆ. ಆ ಎರಡೂ ದಿನಗಳ ಉಪವಾಸ ಹೇಗಿದ್ದರೂ ಸುನ್ನತ್. ರಂಜಾನಿನ ಕಝಾ (ತಪ್ಪಿದ ಉಪವಾಸವನ್ನು ತುಂಬಿಕೊಡುವುದು) ಬಾಕಿಯಿದ್ದರೆ ಮೊದಲು ಅದನ್ನು ತೀರಿಸುವುದು ಲೇಸು. ಶುಕ್ರವಾರ ರಜೆಯೆಂದು ಅದೊಂದನ್ನೇ ಆರಿಸಿಕೊಳ್ಳಬೇಡಿ, ಗುರುವಾರವನ್ನೋ ಶನಿವಾರವನ್ನೋ ಜೊತೆಗೂಡಿಸಿ.

ಸಹರಿಗೆ ಎಚ್ಚರವಾಗಲಿಲ್ಲವೇ? ಫಜ್ರ್ (ಮುಂಜಾನೆಯ ನಮಾಜು) ಸಮಯದಿಂದ ಏನನ್ನೂ ಸೇವಿಸಿರದಿದ್ದರೆ ಬೆಳಿಗ್ಗೆಯೂ ನಿಯ್ಯತ್ (ಸಂಕಲ್ಪ) ಮಾಡಬಹುದು. ಪ್ರವಾದಿಯವರು ಪತ್ನಿ ಆಯಿಶಾರ ಬಳಿ ತಿನ್ನಲು ಏನಾದರೂ ಇದೆಯೇ ಎಂದು ಕೇಳಿ, ಇಲ್ಲವೆಂದಾಗ, ಹಾಗಾದರೆ ನಾನು ಉಪವಾಸಿಗ ಎಂದರಂತೆ. ಈ ರಿಯಾಯಿತಿ ರಂಜಾನಿನ ಕಝಾಕ್ಕಿಲ್ಲ.

ಮರೆತು ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ, ನೆನಪಾದೊಡನೆ ಲೋಟ ಕೆಳಗಿಟ್ಟು ಮುಂದುವರಿಸಿ. ಅತಿಥಿ ಬಂದು ನೀವು ಉಣ್ಣದಿದ್ದರೆ ನೊಂದುಕೊಳ್ಳುವಂತಿದ್ದರೆ ಮುರಿಯಲೂಬಹುದು. ಶಾಫಿ ಧರ್ಮಶಾಸ್ತ್ರ ಪಂಥದವರಿಗೆ ಅದನ್ನು ತುಂಬಿಕೊಡಬೇಕಾದ ಕಡ್ಡಾಯವಿಲ್ಲ. ಹನಫಿ ಪಂಥದವರಿಗೆ ಕಝಾ ಉಂಟು. ನಾನು ಹನಫಿ, ಹೋದ ಗುರುವಾರದ್ದೊಂದು ಬಾಕಿಯಿದೆ.