ಅನರ್ಹರ ಮೇಲಿನ ನಾಲ್ಕು ನಿಮಿಷ

2017ರ ಮಳೆಗಾಲದಲ್ಲಿ, ಬೆಂಗಳೂರಿನ ಇಂದಿರಾನಗರದ ಒಂದು ಕೆಫೆಯ ಮೇಲ್ಮಹಡಿಯಲ್ಲಿ ಮೊದಲ ಬಾರಿಗೆ, ಯಾರು ಬೇಕಾದರೂ ಬಂದು ಹಾಸ್ಯ ಹೇಳಬಹುದಾದ ಓಪನ್ ಮೈಕ್‌ಗೆ ನಿಂತಾಗ ನಾನು ಒಂದು ಕನ್ನಡ ದಿನಪತ್ರಿಕೆಯ ಸುದ್ದಿಮನೆಯಲ್ಲಿ ಉಪಸಂಪಾದಕನಾಗಿದ್ದೆ. ರಾತ್ರಿ ಪಾಳಿ ಇಲ್ಲದ ದಿನಗಳಲ್ಲಿ ಮಾತ್ರ ವೇದಿಕೆ ಸಿಗುತ್ತಿತ್ತು. ಒಬ್ಬೊಬ್ಬರಿಗೆ ಐದು ನಿಮಿಷ. ನಾಲ್ಕು ಮುಗಿದಾಗ ಹಿಂದಿನಿಂದ ಒಂದು ದೀಪ ಮಿಟುಕುತ್ತದೆ, ಅಷ್ಟರೊಳಗೆ ಮಾತು ಮುಗಿಸುವ ದಾರಿ ಹಿಡಿದಿರಬೇಕು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲಿ ಪ್ರೇಮ, ಆಫೀಸು, ಹಾಸ್ಟೆಲುಗಳ ಬಗ್ಗೆ ಮಾತನಾಡುತ್ತಿದ್ದರು. ನನಗೆ ಮಾತನಾಡಬೇಕೆನಿಸಿದ್ದು ವಿಧಾನಸೌಧದ ಬಗ್ಗೆ, ಅದೂ ಕನ್ನಡದಲ್ಲಿ.

ಈ ಆಸೆಗೆ ಬೀಜ ಬಿದ್ದದ್ದು ಬಾಲ್ಯದಲ್ಲಿ, ದಾವಣಗೆರೆಯಲ್ಲಿ ತಂದೆಯವರ ಜೊತೆ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನೋಡಿದಾಗ. ಅವರು ನಾಟಕದ ಮಾತನ್ನು ಅಲ್ಲಿಗೇ ಬಿಟ್ಟು, ಅಂದಿನ ಬೆಳಗಿನ ಸುದ್ದಿಯನ್ನು ಎತ್ತಿಕೊಂಡು, ಅಧಿಕಾರದಲ್ಲಿದ್ದವರನ್ನು ಹೆಸರು ಹಿಡಿದೇ ಕೇಳುತ್ತಿದ್ದರು. ಸಭಾಂಗಣವಿಡೀ ನಗುತ್ತಿದ್ದಾಗ ತಂದೆಯವರು ಮಾತ್ರ ನಗದೆ ತಲೆಯಾಡಿಸುತ್ತಿದ್ದುದು ನನಗೆ ಇಂದಿಗೂ ನೆನಪಿದೆ.

ನನ್ನ ಕಸುಬನ್ನು ನಾನು ಕಲಿತದ್ದು ಒಂದೇ ಒಂದು ಪ್ರಸಂಗದ ಮೂಲಕ ಎಂದರೆ ತಪ್ಪಾಗದು. 2019ರ ಜುಲೈನಲ್ಲಿ ಸಮ್ಮಿಶ್ರ ಸರ್ಕಾರದ 17 ಶಾಸಕರನ್ನು ಪಕ್ಷಾಂತರದ ಕಾರಣಕ್ಕೆ ಸ್ಪೀಕರ್ ಅನರ್ಹಗೊಳಿಸಿದರು. ಜುಲೈ 23ರಂದು ವಿಶ್ವಾಸಮತದಲ್ಲಿ 99–105ರಿಂದ ಸರ್ಕಾರ ಬಿದ್ದಿತ್ತು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಅವರು ಉಪಚುನಾವಣೆಗೆ ನಿಲ್ಲಬಹುದೆಂದಿತು. ಅವರಲ್ಲಿ 13 ಮಂದಿಗೆ ಬಿಜೆಪಿ ಟಿಕೆಟ್ ಕೊಟ್ಟಿತು, 11 ಮಂದಿ ಗೆದ್ದರು. 2020ರ ಫೆಬ್ರವರಿ 6ರಂದು ಆ ಹನ್ನೊಂದರಲ್ಲಿ ಹತ್ತು ಮಂದಿ ಸಚಿವರಾದರು. ಆ ತಿಂಗಳುಗಳಲ್ಲಿ ‘ಅನರ್ಹರು’ ಎಂಬ ಪದ ರಾಜ್ಯದ ಪ್ರತಿ ಚಹಾ ಅಂಗಡಿಯಲ್ಲೂ ಓಡಾಡುತ್ತಿತ್ತು. ನನಗೆ ಬೇಕಾದ ವಸ್ತು ತಾನಾಗಿಯೇ ಬಂದು ಕೈಯಲ್ಲಿ ಕುಳಿತಂತಿತ್ತು.

ಆದರೆ ನಾನು ಬರೆದ ಮೊದಲ ರೂಪ ಕೆಟ್ಟದಾಗಿತ್ತು. ಆ ಶಾಸಕರಲ್ಲಿ ಒಬ್ಬರು ಇಂಗ್ಲಿಷ್ ಪದಗಳನ್ನು ಉಚ್ಚರಿಸುವ ರೀತಿಯನ್ನು ಅನುಕರಿಸಿ ಜನರನ್ನು ನಗಿಸಿದ್ದೆ, ಚಪ್ಪಾಳೆಯೂ ಬಂದಿತ್ತು. ಪ್ರದರ್ಶನ ಮುಗಿದ ಮೇಲೆ ನಡುವಯಸ್ಸಿನ ಒಬ್ಬ ಮಹಿಳೆ ಮೆಟ್ಟಿಲ ಬಳಿ ಕಾದು ನಿಂತಿದ್ದರು. “ಅವರು ಪಕ್ಷ ಬಿಟ್ಟಿದ್ದಕ್ಕೆ ಎಷ್ಟು ಬೇಕಾದ್ರೂ ಅನ್ನಿ, ನಾನೂ ನಗ್ತೀನಿ. ಆದ್ರೆ ಅವರು ಮಾತಾಡೋ ರೀತಿ ಇದೆಯಲ್ಲ, ನಮ್ಮೂರಲ್ಲಿ ಎಲ್ಲರೂ ಹಂಗೇ ಮಾತಾಡೋದು ಸರ್” ಎಂದರು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಪಕ್ಷಾಂತರ ಮಾಡಿದ ಶಾಸಕರಿಗೆ ನನ್ನ ಮಾತಿನಿಂದ ಏನೂ ಆಗಿರಲಿಲ್ಲ; ಪೆಟ್ಟು ಬಿದ್ದದ್ದು ಹಿಂದಿನ ಸಾಲಿನಲ್ಲಿ ಟಿಕೆಟ್ ಕೊಂಡು ಕುಳಿತಿದ್ದ ಒಬ್ಬರಿಗೆ. ಒಬ್ಬರ ಹುಟ್ಟು, ಜಾತಿ, ಮೈಬಣ್ಣ, ಉಚ್ಚಾರಣೆ ಇವು ಯಾವುವೂ ಅವರು ಮಾಡಿದ ನಿರ್ಧಾರಗಳಲ್ಲ. ನಾನು ಮಾತನಾಡಬೇಕಾದದ್ದು ನಿರ್ಧಾರದ ಬಗ್ಗೆ ಎಂಬುದನ್ನು ಅಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡೆ.

ಎರಡನೆಯ ರೂಪದಲ್ಲಿ ‘ಅನರ್ಹ’ ಎಂಬ ಪದವನ್ನೇ ಆಧಾರ ಮಾಡಿಕೊಂಡೆ. “ಹತ್ತನೇ ತರಗತಿಯಲ್ಲಿ ಅನರ್ಹನಾದ ಹುಡುಗ ಮರುವರ್ಷ ಅದೇ ಬೆಂಚಿಗೆ ಬರುತ್ತಾನೆ, ವಿಧಾನಸಭೆಯಲ್ಲಿ ಅನರ್ಹರಾದವರು ಮರುವರ್ಷ ಮುಂದಿನ ಬೆಂಚಿಗೇ ಬಂದರು.” ಈ ಸಾಲಿಗೆ ಎಲ್ಲೆಡೆಯೂ ನಗೆ ಬಂತು. ಆದರೆ ಇಲ್ಲಿಯೂ ಒಮ್ಮೆ ಎಡವಿದೆ. 2023ರವರೆಗೆ ಇವರು ಸ್ಪರ್ಧಿಸುವಂತಿಲ್ಲ ಎಂದು ಕೋರ್ಟ್ ಹೇಳಿತ್ತೆಂದು ವೇದಿಕೆಯ ಮೇಲೆ ಹೇಳಿಬಿಟ್ಟೆ. ಹಾಗೆಂದದ್ದು ಸ್ಪೀಕರ್, ಕೋರ್ಟ್ ಆ ಭಾಗವನ್ನೇ ತೆಗೆದುಹಾಕಿತ್ತು. ಪ್ರೇಕ್ಷಕರಲ್ಲಿದ್ದ ವಕೀಲರೊಬ್ಬರು ಕುಳಿತಲ್ಲಿಂದಲೇ ತಿದ್ದಿದರು, ಮತ್ತು ಆ ಕ್ಷಣದಿಂದ ಉಳಿದ ಮಾತಿನಲ್ಲಿ ಯಾರಿಗೂ ನಂಬಿಕೆ ಉಳಿಯಲಿಲ್ಲ. ಮನೆಯ ಜಗಳದ ಬಗ್ಗೆ ಹಾಸ್ಯ ಹೇಳುವಾಗ ಉತ್ಪ್ರೇಕ್ಷೆಗೆ ಜಾಗವಿದೆ. ರಾಜಕೀಯ ಹಾಸ್ಯದಲ್ಲಿ ಉತ್ಪ್ರೇಕ್ಷೆ ಉಪಮೆಯಲ್ಲಿರಬಹುದೇ ಹೊರತು ಸಂಗತಿಯಲ್ಲಿರಬಾರದು.

ಅಂದಿನಿಂದ ಪ್ರತಿ ಪ್ರಸಂಗಕ್ಕೂ ಒಂದು ಕಡತ ಇಟ್ಟಿದ್ದೇನೆ. ನಾನು ಹೇಳುವ ಪ್ರತಿ ಸಂಗತಿಗೂ ಅದರಲ್ಲಿ ದಿನಾಂಕವಿರುವ ಪತ್ರಿಕೆಯ ತುಣುಕೋ, ಸದನದ ನಡಾವಳಿಯೋ, ತೀರ್ಪಿನ ಪುಟವೋ ಇರಬೇಕು. ಇದಕ್ಕೆ ಕಾನೂನಿನ ಕಾರಣವೂ ಇದೆ. ಮಾನಹಾನಿ ನಮ್ಮ ದೇಶದಲ್ಲಿ ಇಂದಿಗೂ ಕ್ರಿಮಿನಲ್ ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಮುಗಳಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೆ ಬಂದಿದೆ. ಹೇಳಿದ್ದು ಸತ್ಯವೆಂದು ತೋರಿಸಿದರಷ್ಟೇ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂಬುದನ್ನೂ ತೋರಿಸಬೇಕಾಗುತ್ತದೆ. ಹೊಸಬರು ಬಂದು ಕೇಳಿದಾಗ ನಾನು ಮೊದಲು ಹೇಳುವುದು ಈ ಕಡತದ ಬಗ್ಗೆ. ಪಂಚ್, ಅಂದರೆ ನಗೆ ಎಬ್ಬಿಸುವ ಸಾಲು, ಬರೆಯುವುದನ್ನು ಆಮೇಲೂ ಕಲಿಯಬಹುದು.

ಮೂರನೆಯ ರೂಪ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. “ಸ್ಪೀಕರ್ ಅನರ್ಹ ಅಂದ್ರು. ಸುಪ್ರೀಂ ಕೋರ್ಟೂ ಅನರ್ಹ ಅಂತು. ಹಂಗಾದ್ರ ಅರ್ಹ ಅಂದವ್ರು ಯಾರು?” ಎಂದು ಕೇಳಿ ಸುಮ್ಮನೆ ನಿಂತೆ. ಮೂರು ಸೆಕೆಂಡು ಮೌನ. ಆಮೇಲೆ ಮುಂದಿನ ಸಾಲಿನಿಂದ ಒಬ್ಬ ಹಿರಿಯರು “ನಾವs” ಎಂದರು. ಅಂದು ಬಂದಂತಹ ನಗೆಯನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅದರಲ್ಲಿ ಸಿಟ್ಟು, ನಾಚಿಕೆ ಎರಡೂ ಇದ್ದವು. ಯಾವ ಪಕ್ಷದ ಬೆಂಬಲಿಗರೂ ಅದರಿಂದ ಹೊರಗೆ ನಿಲ್ಲುವಂತಿರಲಿಲ್ಲ.

ವೇದಿಕೆಗಳ ಬಗ್ಗೆಯೂ ಹೇಳಬೇಕು. 2021ರ ನವೆಂಬರ್ 28ರಂದು ಬೆಂಗಳೂರಿನಲ್ಲಿ ನಡೆಯಬೇಕಿದ್ದ ಹಾಸ್ಯ ಕಲಾವಿದ ಮುನಾವರ್ ಫಾರೂಕಿಯವರ ಕಾರ್ಯಕ್ರಮ ಪೊಲೀಸರ ಸೂಚನೆಯ ನಂತರ ರದ್ದಾಯಿತು. ಅದರ ಮರುವಾರವೇ, ನಾನು ಎರಡು ವರ್ಷ ನಿಯಮಿತವಾಗಿ ಪ್ರದರ್ಶನ ನೀಡುತ್ತಿದ್ದ ಒಂದು ಸ್ಥಳದವರು ಫೋನ್ ಮಾಡಿ, ಸದ್ಯಕ್ಕೆ ಬೇಡ ಎಂದರು. ಆ ‘ಸದ್ಯ’ ಹದಿನಾಲ್ಕು ತಿಂಗಳು ನಡೆಯಿತು. ಅವರ ಭಯ ನನಗೆ ಅರ್ಥವಾಗುತ್ತದೆ. ಕುರ್ಚಿ, ಗಾಜು, ಕೆಲಸದವರು ಎಲ್ಲದರ ಹೊಣೆ ಅವರ ಮೇಲೆಯೇ ಇತ್ತು. ಆದರೂ ಆ ದುಃಖ ನನ್ನಲ್ಲಿ ಹಾಗೆಯೇ ಇದೆ. ಆ ಅವಧಿಯಲ್ಲಿ ಕುಟುಂಬ ನಡೆದದ್ದು ರಾಜ್ಯೋತ್ಸವದ ಕಾರ್ಯಕ್ರಮಗಳಿಂದ. ನವೆಂಬರಿನಲ್ಲಿ ಕಂಪನಿಗಳ ಕನ್ನಡ ಬಳಗಗಳು, ಅಪಾರ್ಟ್‌ಮೆಂಟ್ ಸಂಘಗಳು ಕರೆಯುತ್ತವೆ ಮತ್ತು ತಪ್ಪದೆ “ಸರ್, ರಾಜಕೀಯ ಒಂದು ಬೇಡ” ಎನ್ನುತ್ತವೆ. ಅಲ್ಲಿ ನಾನು ರಸ್ತೆಗುಂಡಿ, ಟ್ಯಾಂಕರ್ ನೀರು, ಕಸದ ಗಾಡಿಗಳ ಬಗ್ಗೆ ಮಾತನಾಡುತ್ತೇನೆ. ಅದು ರಾಜಕೀಯವಲ್ಲವೆಂದು ಅವರು ಹೇಗೆ ತಿಳಿಯುತ್ತಾರೋ ನನಗೆ ಗೊತ್ತಿಲ್ಲ.

2023ರ ಮೇ 13ರಂದು ವಿಧಾನಸಭಾ ಚುನಾವಣೆಯ ಫಲಿತಾಂಶ ಬಂದಾಗ ಆ ಹನ್ನೊಂದು ಮಂದಿಯಲ್ಲಿ ಕೆಲವರು ಸೋತಿದ್ದರು, ಕೆಲವರು ಮತ್ತೆ ಗೆದ್ದಿದ್ದರು. ಹುಬ್ಬಳ್ಳಿಯ ಆ ಪ್ರಶ್ನೆಗೆ ಅಲ್ಲಿಂದ ಮುಂದೆ ಒಂದೇ ಉತ್ತರ ಇರಲಿಲ್ಲ. ಮಾತು ಪೂರ್ತಿ ನಿಜವಲ್ಲವಾದ ಮೇಲೆ ಎಷ್ಟೇ ನಗೆ ಬಂದರೂ ಅದನ್ನು ಹೇಳುವಂತಿರಲಿಲ್ಲವಾದ್ದರಿಂದ, ಮೂರೂವರೆ ವರ್ಷ ಜೊತೆಗಿದ್ದ ಆ ನಾಲ್ಕು ನಿಮಿಷಗಳನ್ನು ಅಂದೇ ಕೈಬಿಟ್ಟು, ಕಡತವನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ.

ಈಗ ಮೇಜಿನ ಮೇಲಿರುವ ಕಡತ ಬೆಂಗಳೂರಿನ ನಗರಾಡಳಿತದ್ದು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಬಂದ ಯಾವ ಪಕ್ಷದ ಸರ್ಕಾರವೂ ಅದಕ್ಕೆ ಮತ್ತೆ ಚುನಾವಣೆ ನಡೆಸಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಇಲ್ಲಿ ಹೆಸರು ಹಿಡಿದು ಕೇಳಲು ಒಬ್ಬ ವ್ಯಕ್ತಿಯಿಲ್ಲ. ಇರುವುದು ಖಾಲಿ ಕುರ್ಚಿಗಳು ಮಾತ್ರ. ಅವುಗಳನ್ನು ಪ್ರೇಕ್ಷಕರ ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆಂದು ಆರು ವಾರಗಳಿಂದ ಪ್ರಯತ್ನಿಸುತ್ತಿದ್ದೇನೆ. ಮೂರು ನಿಮಿಷ ಸಿದ್ಧವಾಗಿದೆ, ನಾಲ್ಕನೆಯದನ್ನು ಇನ್ನೂ ಬರೆಯಬೇಕು.