ಕಪ್ಪು ಅಕ್ರೋಟು ಮರವನ್ನು ಚಳಿಗಾಲ ದಾಟಿಸುವುದು ಹೇಗೆ?

ಜನವರಿಯ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಬೋಳಾಗಿ ನಿಂತ ಕಪ್ಪು ಅಕ್ರೋಟು ಮರಕ್ಕೆ ಏನೂ ಆಗುವುದಿಲ್ಲ. ಅದೇ ಮರ ಮೇ ತಿಂಗಳ ಒಂದು ರಾತ್ರಿ ಉಷ್ಣಾಂಶ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದರೆ ಸಾಕು, ಚಿಗುರನ್ನೆಲ್ಲ ಕಳೆದುಕೊಳ್ಳುತ್ತದೆ. ಚಳಿ ಎಷ್ಟಿತ್ತು ಎಂದು ಕೇಳುವ ಮೊದಲು, ಚಳಿ ಬಂದಾಗ ಮರ ನಿದ್ದೆಯಲ್ಲಿತ್ತೇ ಎಂದು ಕೇಳಬೇಕು. ಈ ಮರದ ಆರೈಕೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಬ್ಲ್ಯಾಕ್ ವಾಲ್‌ನಟ್ ಎಂದು ಕರೆಸಿಕೊಳ್ಳುವ ಈ ಮರದ ತವರು ಉತ್ತರ ಅಮೆರಿಕದ ಪೂರ್ವಾರ್ಧ. ಕೆನಡಾದ ದಕ್ಷಿಣ ಒಂಟಾರಿಯೊದಿಂದ ಟೆಕ್ಸಸ್ ಮತ್ತು ಫ್ಲೋರಿಡಾದ ಉತ್ತರ ಭಾಗದವರೆಗೆ ಕಾಡುಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಬೇಸಿಗೆಯ ಕೊನೆಗೆ ಹಗಲು ಕಿರಿದಾಗುತ್ತಿದ್ದಂತೆ ಮರ ಬೆಳವಣಿಗೆ ನಿಲ್ಲಿಸಿ, ಎಲೆ ಉದುರಿಸಿ, ಹಂತಹಂತವಾಗಿ ಗಟ್ಟಿಯಾಗುತ್ತದೆ. ಹೀಗೆ ಸಿದ್ಧವಾದ ಮರದ ಕಟ್ಟಿಗೆಯ ಜೀವಕೋಶಗಳಲ್ಲಿರುವ ನೀರು ಸೊನ್ನೆಗಿಂತ ಬಹಳ ಕೆಳಗೂ ಮಂಜುಗಡ್ಡೆಯಾಗದೆ ದ್ರವವಾಗಿಯೇ ಉಳಿಯುತ್ತದೆ. ಮೈನಸ್ 40ರ ಆಸುಪಾಸಿನಲ್ಲಿ ಈ ತಾಳಿಕೆ ಮುಗಿಯುತ್ತದೆ. ನೀರು ಒಮ್ಮೆಗೇ ಹೆಪ್ಪುಗಟ್ಟಿ ಕೋಶಗಳು ಸಾಯುತ್ತವೆ. ಅದಕ್ಕಿಂತ ಕಡಿಮೆ ಉಷ್ಣಾಂಶ ಆಗಾಗ ಬರುವ ಕಡೆ ಈ ಮರದ ಆಸೆ ಬಿಡುವುದೇ ಒಳ್ಳೆಯದು.

ಮೊದಲ ಹೆಜ್ಜೆ: ಬೀಜದ ತಾಯಿಮರ ಎಲ್ಲಿಯದು?

ನನ್ನ ಮಟ್ಟಿಗೆ ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ. ದಕ್ಷಿಣದ ಟೆಕ್ಸಸ್‌ನ ಬೀಜವನ್ನು ಅಮೆರಿಕದ ಉತ್ತರದ ಗಡಿಯ ಮಿನ್ನೆಸೋಟ ರಾಜ್ಯದಲ್ಲಿ ಬಿತ್ತಿದರೆ ಸಸಿ ಹುಟ್ಟುತ್ತದೆ, ಹುರುಪಿನಿಂದ ಬೆಳೆಯುತ್ತದೆ. ಆದರೆ ಅದು ಪಾಲಿಸುವುದು ತನ್ನ ತಾಯಿನೆಲದ ಗಡಿಯಾರವನ್ನು. ಸುತ್ತಲಿನ ಮರಗಳೆಲ್ಲ ಬೆಳವಣಿಗೆ ನಿಲ್ಲಿಸಿದ ಮೇಲೂ ತುದಿ ಚಾಚುತ್ತಲೇ ಇರುತ್ತದೆ. ಶರತ್ಕಾಲದ ಮೊದಲ ಹೆಪ್ಪುಗಟ್ಟುವ ಚಳಿ ಆ ಎಳೆ ತುದಿಯನ್ನು ಸುಟ್ಟುಬಿಡುತ್ತದೆ. ಪ್ರತಿವರ್ಷವೂ ಹೀಗಾದರೆ ಮರ ಪೊದೆಯಾಗುತ್ತದೆ. ಬಹಳ ಉತ್ತರದ ಬೀಜವನ್ನು ದಕ್ಷಿಣಕ್ಕೆ ಒಯ್ದರೆ ಬೇರೆ ತೊಂದರೆ: ಬೇಗನೆ ಬೆಳವಣಿಗೆ ನಿಲ್ಲಿಸಿ ಗಿಡ್ಡವಾಗಿ ಉಳಿಯುತ್ತದೆ. ನೆಡುವ ಜಾಗದ ಸುತ್ತಮುತ್ತಲಿನ ಅಥವಾ ಹೆಚ್ಚೆಂದರೆ 300 ಕಿಲೋಮೀಟರ್ ದಕ್ಷಿಣದ ಬೀಜ ಸಾಮಾನ್ಯವಾಗಿ ಸರಿಹೊಂದುತ್ತದೆ. ಮರದ ಉತ್ತರದ ಗಡಿಯಲ್ಲಿರುವವರು ಸ್ಥಳೀಯ ಬೀಜವನ್ನೇ ಹುಡುಕಬೇಕು. ಕಸಿ ಗಿಡ ಕೊಳ್ಳುವುದಾದರೆ ಕಸಿ ಕಟ್ಟಿದ ಬೇರುಗಿಡದ ಮೂಲವನ್ನೂ ಕೇಳಿ ತಿಳಿಯಿರಿ.

ಎರಡನೆಯದು: ಜಾಗ

ತಣ್ಣನೆಯ ಗಾಳಿ ರಾತ್ರಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಂಥ ತಗ್ಗಿನಲ್ಲಿ ನೆಟ್ಟ ಗಿಡಕ್ಕೆ ವಸಂತದ ತಡವಾದ ಚಳಿ ತಪ್ಪದೆ ತಾಗುತ್ತದೆ. ಮಣ್ಣು ಆಳವಾಗಿದ್ದು, ನೀರು ಬಸಿದುಹೋಗುವ, ಉತ್ತರಕ್ಕೋ ಪೂರ್ವಕ್ಕೋ ಮುಖ ಮಾಡಿದ ಇಳಿಜಾರು ಒಳ್ಳೆಯದು. ದಕ್ಷಿಣದ ಬಿಸಿಲಿಗೆ ಕಾಯುವ ಗೋಡೆಯ ಪಕ್ಕ ಬೆಚ್ಚಗಿರುತ್ತದೆಂದು ನೆಡಬೇಡಿ. ಆ ಬೆಚ್ಚಗೆಯೇ ಗಿಡವನ್ನು ಅವಧಿಗೆ ಮುಂಚೆ ಎಬ್ಬಿಸುತ್ತದೆ.

ಮೂರನೆಯದು: ಬಿತ್ತನೆ

ಈ ಬೀಜ ಮೊಳೆಯಬೇಕಾದರೆ ಮೂರು ನಾಲ್ಕು ತಿಂಗಳು ತೇವದಲ್ಲಿ, 1ರಿಂದ 5 ಡಿಗ್ರಿ ಚಳಿಯಲ್ಲಿ ಇರಲೇಬೇಕು. ಶರತ್ಕಾಲದಲ್ಲಿ ಹಸಿರು ಸಿಪ್ಪೆ ತೆಗೆದು ನಾಲ್ಕೈದು ಸೆಂಟಿಮೀಟರ್ ಆಳದಲ್ಲಿ ಬಿತ್ತಿದರೆ ಈ ಕೆಲಸವನ್ನು ಚಳಿಗಾಲವೇ ಮಾಡುತ್ತದೆ. ಮೇಲೆ ತಂತಿಬಲೆ ಹಾಸದಿದ್ದರೆ ಅಳಿಲುಗಳು ಒಂದನ್ನೂ ಬಿಡುವುದಿಲ್ಲ. ತಾಯಿಬೇರು ಮೊದಲ ವರ್ಷವೇ ಆಳಕ್ಕಿಳಿಯುವುದರಿಂದ, ಸಸಿಯನ್ನು ಕಿತ್ತು ನೆಡುವುದಕ್ಕಿಂತ ಬೀಜವನ್ನು ಇರಬೇಕಾದಲ್ಲಿಯೇ ಬಿತ್ತುವುದು ಮೇಲು.

ನಾಲ್ಕನೆಯದು: ನಿದ್ದೆಗೆ ಬಿಡುವುದು

ಬೇಸಿಗೆಯ ನಡುವಿನ ನಂತರ ಸಾರಜನಕದ ಗೊಬ್ಬರ ಬೇಡವೇ ಬೇಡ. ಪ್ರೀತಿಯಿಂದ ಹಾಕಿದ ಆ ಕೊನೆಯ ಹಿಡಿ ಗೊಬ್ಬರ ಗಿಡವನ್ನು ಮಲಗಲು ಬಿಡುವುದಿಲ್ಲ. ಎಲೆ ಉದುರಿದ ಮೇಲೆ ಮಣ್ಣು ಒಣಗಿದ್ದರೆ, ನೆಲ ಹೆಪ್ಪುಗಟ್ಟುವ ಮುನ್ನ ಒಮ್ಮೆ ಚೆನ್ನಾಗಿ ನೀರುಣಿಸಿ. ಕಾಂಡಕ್ಕಿಂತ ಬೇರು ಚಳಿಗೆ ಸೂಕ್ಷ್ಮ. ಎಳೆಯ ಗಿಡದ ಬುಡಕ್ಕೆ ಏಳೆಂಟು ಸೆಂಟಿಮೀಟರ್ ದಪ್ಪ ಒಣ ಎಲೆ ಅಥವಾ ಮರದ ಚಕ್ಕೆ ಹೊದಿಸಿ, ಕಾಂಡಕ್ಕೆ ತಾಗದಂತೆ ಬಿಡಿ. ಚಳಿಗಾಲದ ಮಧ್ಯಾಹ್ನದ ಬಿಸಿಲಿಗೆ ನೈಋತ್ಯ ದಿಕ್ಕಿನ ತೊಗಟೆ ಕಾದು, ಸೂರ್ಯ ಮುಳುಗುತ್ತಲೇ ಹೆಪ್ಪುಗಟ್ಟಿ ಸೀಳುವುದುಂಟು. ಎಳೆಯ ಕಾಂಡಕ್ಕೆ ಬಿಳಿ ಹೊದಿಕೆ ಸುತ್ತಿ, ವಸಂತದಲ್ಲಿ ಬಿಚ್ಚಿ.

ಐದನೆಯದು: ವಸಂತದ ತಪಾಸಣೆ

ಇಲ್ಲಿ ತಾಳ್ಮೆ ಬೇಕು. ಸುತ್ತಲಿನ ಮರಗಳೆಲ್ಲ ಹಸಿರಾದ ಮೇಲೂ ಕಪ್ಪು ಅಕ್ರೋಟು ಬೋಳಾಗಿಯೇ ಇರುತ್ತದೆ. ಸತ್ತಿತೆಂದು ಕಡಿಯಬೇಡಿ. ತೆಳ್ಳನೆಯ ರೆಂಬೆಯ ಮೇಲೆ ಉಗುರಿನಿಂದ ಮೆಲ್ಲಗೆ ಗೀರಿ ನೋಡಿ. ತೊಗಟೆಯ ಕೆಳಗೆ ಹಸಿಯಾದ ಹಸಿರು ಕಂಡರೆ ಜೀವವಿದೆ; ಒಣಗಿದ ಕಂದು ಬಣ್ಣವಿದ್ದರೆ ಆ ಭಾಗ ಹೋಗಿದೆ. ತುದಿಯಿಂದ ಕೆಳಗೆ ಬರುತ್ತಾ ಹಸಿರು ಸಿಗುವ ತನಕ ಗೀರುತ್ತಾ ಹೋಗಿ.

ಚಿಗುರಿದ ಮೇಲೆ ಚಳಿ ಬಡಿದರೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋಲುತ್ತವೆ. ಕಾಯಿ ಕಟ್ಟುವ ಹೂವು ಬಿಡುವುದು ಹೊಸ ಚಿಗುರಿನ ತುದಿಯಲ್ಲೇ, ಹಾಗಾಗಿ ಆ ವರ್ಷದ ಫಸಲೂ ಬಹುತೇಕ ಹೋಯಿತೆಂದೇ ತಿಳಿಯಿರಿ. ಮರ ಮಾತ್ರ ಚೇತರಿಸಿಕೊಳ್ಳುತ್ತದೆ. ಹಳೆಯ ಎಲೆ ಉದುರಿದ ಗುರುತನ್ನು ಹತ್ತಿರದಿಂದ ನೋಡಿ: ಅದರ ಮೇಲ್ಗಡೆ ಒಂದರ ಮೇಲೊಂದು ಎರಡು ಮೊಗ್ಗುಗಳಿರುತ್ತವೆ. ಒಂದು ಸುಟ್ಟರೆ ಇನ್ನೊಂದು ಏಳುತ್ತದೆ. ತುದಿಮೊಗ್ಗು ಸತ್ತಾಗ ಪಕ್ಕದ ಎರಡು ಮೂರು ಚಿಗುರುಗಳು ಒಟ್ಟಿಗೆ ಮೇಲೇಳಲು ಪೈಪೋಟಿ ನಡೆಸಿ ಕಾಂಡ ಕವಲೊಡೆಯುತ್ತದೆ. ಅವು ಇನ್ನೂ ಹಸಿರಾಗಿ ಮೆತ್ತಗಿರುವಾಗಲೇ, ನೆಟ್ಟಗೆ ನಿಂತಿರುವ ಗಟ್ಟಿಯಾದ ಒಂದನ್ನು ಉಳಿಸಿ ಉಳಿದವುಗಳ ತುದಿಯನ್ನು ಬೆರಳಲ್ಲೇ ಚಿವುಟಿ.